ಪುಟ್ಟ ಕೋಣೆಯಲ್ಲಿ ಹೋಮ್ ಸ್ಟುಡಿಯೊ: ಗೋಡೆ ತುಂಬ ಫೋಮ್ ಅಂಟಿಸಲಾ, ಮೂಲೆಗೆ ದಪ್ಪ ಪ್ಯಾನೆಲ್ ಕಟ್ಟಲಾ?

ಆರನೇತಂತಿ
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಕೋಣೆಯನ್ನು ರೆಕಾರ್ಡಿಂಗಿಗೆ ಅಂತಲೇ ಖಾಲಿ ಮಾಡಿಕೊಂಡಿದ್ದೇನೆ. ಉದ್ದ 3.6 ಮೀಟರ್, ಅಗಲ 3, ಎತ್ತರ 2.8. ಗಟ್ಟಿ ಗೋಡೆ, ಟೈಲ್ಸ್ ನೆಲ, ಒಂದು ಕಿಟಕಿ, ಹಿಂದಿನ ಒಂದು ಮೂಲೆಯಲ್ಲಿ ಬಾಗಿಲು. ಹಾಡು ಮತ್ತು ಅಕೌಸ್ಟಿಕ್ ಗಿಟಾರ್ ಇಲ್ಲೇ ರೆಕಾರ್ಡ್ ಆಗಬೇಕು, ಮಿಕ್ಸಿಂಗೂ ಇಲ್ಲೇ.

ಚಪ್ಪಾಳೆ ತಟ್ಟಿದರೆ 'ಟ್ರಿಣ್' ಅಂತ ಬಾಲ ಉಳಿಯುತ್ತದೆ. ಅದು ಬಿಡಿ, ಕೋಣೆ ಖಾಲಿ ಇದೆ. ತಲೆ ಕೆಡಿಸಿರುವುದು ಬೇರೆ. ಕುರ್ಚಿಯಲ್ಲಿ ಕೂತು ಕೇಳಿದರೆ ಬೇಸ್ ಗಿಟಾರಿನ ಕೆಲವು ಸ್ವರಗಳು ಮಾಯ. ಎದ್ದು ಮೂಲೆಗೆ ಹೋದರೆ ಅದೇ ಸ್ವರ ಎದೆಗೆ ಗುದ್ದುತ್ತದೆ. ಕೋಣೆಯ ನಡುವೆ ನಿಂತು ಹಾಡಿದ ಟೇಕ್ ಎಲ್ಲವೂ ಒಂದೇ ಜಾಗದಲ್ಲಿ ಗುಂಯ್ ಅನ್ನುತ್ತದೆ.

ಫೋಮ್ ತರುವವನಿದ್ದೆ. ಗೆಳೆಯರೊಬ್ಬರು ಬೇಡ ಅಂದರು, ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆಯಂಥ ಹಾಸು) ತುಂಬಿದ ಪ್ಯಾನೆಲ್ ಕಟ್ಟು ಅಂದರು. ಯಾವುದು ಸರಿ? ಕೈಯಲ್ಲಿ ಗರಗಸ, ಡ್ರಿಲ್ ಇದೆ. ಹಣಕ್ಕೆ ಮಿತಿ ಇದೆ.

ಸೌಂಡ್‌ಚೆಕ್
ಮೊಟ್ಟೆ ಟ್ರೇ ಅಂಟಿಸಿ ಗುರುಗಳೇ, ಮುಗೀತು. 😄

ಮರಪುಡಿ
ದಯವಿಟ್ಟು ಬೇಡ. ತೆಳ್ಳನೆ ರಟ್ಟು, ಒಳಗೆ ಏನೂ ಇಲ್ಲ. ಬೇಸಿಗಂತೂ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಧೂಳು ಕೂರುತ್ತದೆ, ಬೆಂಕಿ ತಗುಲಿದರೆ ಬುಗ್ಗನೆ ಹತ್ತಿಕೊಳ್ಳುತ್ತದೆ.

ಮೂಲೆಮನೆ
ಆರನೇತಂತಿ, ನೀವು ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು. ನಿಮ್ಮ ದೂರಿಗೆ ಉತ್ತರ ಆ ಮೂರು ಅಂಕಿಗಳಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಇದನ್ನು ಭಾಗಿಸಿ. ಆ ಜೋಡಿ ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆ ಸಿಗುತ್ತದೆ, ರೂಮ್ ಮೋಡ್ ಅಂತಾರಲ್ಲ, ಅದೇ. ನಿಮ್ಮ ಉದ್ದಕ್ಕೆ 48 ಹರ್ಟ್ಸ್, ಅಗಲಕ್ಕೆ 57, ಎತ್ತರಕ್ಕೆ 61. ಅಗಲ, ಎತ್ತರ ಎರಡೂ ಹತ್ತಿರ ಹತ್ತಿರ ಇರುವುದರಿಂದ 57, 61 ಜೊತೆಯಾಗಿ ಕೆಲಸ ಮಾಡುತ್ತವೆ. ಬೇಸ್ ಗಿಟಾರಿನಲ್ಲಿ ಎ ತಂತಿಯ ಮೊದಲೆರಡು ಮೆಟ್ಟು, ಅಂದರೆ ಎ ಶಾರ್ಪ್ ಮತ್ತು ಬಿ, ಸರಿಯಾಗಿ ಇಲ್ಲೇ ಬೀಳುತ್ತವೆ. ನಿಮಗೆ ಮಾಯವಾಗುವುದು ಈ ಸ್ವರಗಳೇ ಅಲ್ವಾ?

ಈ ಅಲೆಗಳ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ನಟ್ಟನಡುವೆ ಸೊನ್ನೆ. ನೀವು ಎಡ-ಬಲ ಸಮ ಇರಲಿ ಅಂತ ಅಗಲದ ನಡುವೆ ಕೂತಿದ್ದೀರಿ, ಕೂರಲೇಬೇಕು. ಕೂತಾಗ ಕಿವಿ ನೆಲದಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ, 2.8ರ ಅರ್ಧಕ್ಕೆ ತೀರಾ ಹತ್ತಿರ. ಹಾಗಾಗಿ ಎರಡೂ ಮೋಡ್‌ಗಳ ಕುಳಿಯಲ್ಲೇ ನಿಮ್ಮ ಕಿವಿ ಇದೆ. ಮೂಲೆಯಲ್ಲಿ ಮೂರೂ ಮೋಡ್‌ಗಳ ಒತ್ತಡ ಕೂಡಿಕೊಳ್ಳುವುದರಿಂದ ಗುದ್ದು.

ಇನ್ನು ಹಾಡು. ಎರಡನೇ ಸುತ್ತಿನ ಮೋಡ್‌ಗಳು ಇವುಗಳ ಇಮ್ಮಡಿ: 114 ಮತ್ತು 122. ಇವು ನಡುವೆ ಉಬ್ಬುತ್ತವೆ. ಗಂಡಸಿನ ದನಿಯ ಮೂಲ ಸ್ವರ ಓಡಾಡುವುದೂ ಇದೇ ಆಸುಪಾಸಿನಲ್ಲಿ. ನಡುವೆ ನಿಂತು ಹಾಡಿದಾಗ ಗುಂಯ್ ಅನ್ನುವುದು ಅದಕ್ಕೇ.

ಈಗ ಫೋಮ್ ವಿಷಯಕ್ಕೆ ಬನ್ನಿ. ಹತ್ತಿಯಂಥ, ಸ್ಪಂಜಿನಂಥ ವಸ್ತು ಶಬ್ದ ಹೀರುವುದು ಗಾಳಿಯ ಓಡಾಟವನ್ನು ತಿಕ್ಕಿ ತಡೆಯುವುದರಿಂದ. ಗೋಡೆಗೆ ಅಂಟಿಕೊಂಡ ಜಾಗದಲ್ಲಿ ಗಾಳಿ ಓಡಾಡುವುದೇ ಇಲ್ಲ. ಗೋಡೆಯಿಂದ ಕಾಲು ತರಂಗದಷ್ಟು ದೂರದಲ್ಲಿ ಓಡಾಟ ಅತಿ ಜಾಸ್ತಿ. 1000 ಹರ್ಟ್ಸಿಗೆ ಆ ದೂರ 8.6 ಸೆಂಟಿಮೀಟರ್. 114 ಹರ್ಟ್ಸಿಗೆ 75. ಎರಡೂವರೆ ಸೆಂಟಿಮೀಟರ್ ಫೋಮ್ ಅಂಟಿಸಿ 114ನ್ನು ಹಿಡಿಯಲು ಹೋಗುವುದು ಹುತ್ತ ಬಡಿದು ಹಾವು ಕೊಂದ ಹಾಗೆ. ಅದು ಕೊಲ್ಲುವುದು ಮೇಲಿನ ಸ್ವರಗಳನ್ನು ಮಾತ್ರ. ಗೋಡೆ ತುಂಬ ಅಂಟಿಸಿದರೆ ಮಿಂಚೆಲ್ಲ ಹೋಗಿ ಮಂಕಾಗುತ್ತದೆ, ಗುಂಯ್ ಹಾಗೇ ಉಳಿಯುತ್ತದೆ.

ನನ್ನ ಮಾತು ಇಷ್ಟೇ. ದುಡ್ಡು, ಸಮಯ ಎಷ್ಟಿದ್ದರೂ ಮೊದಲು ಮೂಲೆಗೆ ಹಾಕಿ, ಅದೂ ದಪ್ಪಗೆ. ಉಳಿದದ್ದರಲ್ಲಿ ಗೋಡೆ ನೋಡಿಕೊಳ್ಳಿ.

ಆರನೇತಂತಿ
ಬಿ ಸ್ವರವೇ! ಈಗಷ್ಟೇ ನುಡಿಸಿ ನೋಡಿದೆ. ಕುರ್ಚಿಯಲ್ಲಿ ಕೂತರೆ ತಂತಿ ಅಲ್ಲಾಡುವುದು ಕಾಣುತ್ತದೆ, ಸ್ವರ ಕೇಳುವುದಿಲ್ಲ. ಹಾಗಾದರೆ ಮೂಲೆಗೆ ಎಷ್ಟು ದಪ್ಪ ಬೇಕು? ಮತ್ತೆ, ಪಕ್ಕದ ಮನೆಗೆ ಸದ್ದು ಹೋಗುವುದೂ ಇದರಿಂದಲೇ ನಿಲ್ಲುತ್ತದಾ?

ಸೈನ್‌ವೇವ್
ಕೊನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ: ಇಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಒಳಗಿನ ಸದ್ದನ್ನು ಚೊಕ್ಕ ಮಾಡಲು ಹಗುರವಾದ, ಗಾಳಿಯಾಡುವ ವಸ್ತು ಬೇಕು. ಸದ್ದು ಹೊರಗೆ ಹೋಗದಿರಲು ತೂಕ ಬೇಕು, ಸಂದಿಯಿಲ್ಲದ ಮುಚ್ಚಿಗೆ ಬೇಕು. ಗೋಡೆಯ ತೂಕ ಇಮ್ಮಡಿಯಾದರೆ ಸಿಗುವುದು ಸುಮಾರು 6 ಡೆಸಿಬೆಲ್. ಗೋಡೆಯ ವಿಸ್ತೀರ್ಣದಲ್ಲಿ ನೂರರಲ್ಲಿ ಒಂದು ಭಾಗ ತೂತಿದ್ದರೂ ಸಾಕು, ಗೋಡೆ ಎಷ್ಟೇ ಗಟ್ಟಿಯಿರಲಿ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲಾಗದು. ಅದಕ್ಕೇ ಮೊದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಕಿಟಕಿಯ ಅಂಚಿಗೂ ಹಾಕಿ. ಅದಕ್ಕಿಂತ ಮುಂದೆ ಹೋದರೆ ಕೋಣೆಯೊಳಗೆ ಕೋಣೆ ಕಟ್ಟಬೇಕಾಗುತ್ತದೆ. ಆ ಚರ್ಚೆಯೇ ಬೇರೆ.

ಮರಪುಡಿ
ಕಟ್ಟುವ ಕೆಲಸ ನನಗೆ ಬಿಡಿ, ಅದೇ ನನ್ನ ಇಷ್ಟದ ವಿಷಯ.

ರಾಕ್‌ವೂಲ್ ಹಾಸು ಸಾಮಾನ್ಯವಾಗಿ 120 × 60 ಸೆಂಟಿಮೀಟರ್ ಅಳತೆಯಲ್ಲಿ ಸಿಗುತ್ತದೆ. ಸಾಂದ್ರತೆ ಘನ ಮೀಟರಿಗೆ 45ರಿಂದ 60 ಕಿಲೋ ಇದ್ದರೆ ಪ್ಯಾನೆಲ್ಲಿಗೆ ಸರಿಯಾಗಿ ನಿಲ್ಲುತ್ತದೆ. ಜಾಸ್ತಿ ಒತ್ತಾದದ್ದು ತಂದರೆ ಒಳ್ಳೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ದಪ್ಪ ಪದರಕ್ಕೆ ಅದು ಉಲ್ಟಾ. ತೀರಾ ಒತ್ತಾದರೆ ಅಲೆ ಒಳಗೇ ಹೋಗದೆ ಮೇಲಿಂದಲೇ ವಾಪಸ್ ಬರುತ್ತದೆ. ಮೂಲೆಯನ್ನು ಪೂರ್ತಿ ತುಂಬುವುದಾದರೆ ಇನ್ನೂ ಹಗುರ, ಸಡಿಲವಾದ ಉಣ್ಣೆಯೇ ಸಾಕು.

ಮೂಲೆಗೆ ಎರಡು ದಾರಿ.

ಸುಲಭದ್ದು: 10 ಸೆಂಟಿಮೀಟರ್ ದಪ್ಪದ ಪ್ಯಾನೆಲ್ ಮಾಡಿ ಮೂಲೆಗೆ ಅಡ್ಡಲಾಗಿ ನಿಲ್ಲಿಸಿ. 60 ಅಗಲದ ಪ್ಯಾನೆಲ್ ಹಿಂದೆ, ಅತಿ ಆಳದ ಜಾಗದಲ್ಲಿ 30 ಸೆಂಟಿಮೀಟರ್ ಖಾಲಿ ಸಿಗುತ್ತದೆ. ಆ ಖಾಲಿ ಜಾಗ ಪುಕ್ಕಟೆ ಲಾಭ, ಕಡಿಮೆ ಸ್ವರದ ಕಡೆಗೆ ಪ್ಯಾನೆಲ್ಲಿನ ಕೈ ಉದ್ದವಾಗುತ್ತದೆ.

ಗಟ್ಟಿಯಾದದ್ದು: 60 × 60 ಚೌಕವನ್ನು ಕರ್ಣಕ್ಕೆ ಕತ್ತರಿಸಿ, ತ್ರಿಕೋನಗಳನ್ನು ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ಜೋಡಿಸುವುದು. ಒಂದು ಹಾಸಿನಿಂದ ನಾಲ್ಕು ತ್ರಿಕೋನ. ನಿಮ್ಮ 2.8 ಮೀಟರ್ ಎತ್ತರಕ್ಕೆ 10 ಸೆಂಟಿಮೀಟರ್ ದಪ್ಪದ್ದಾದರೆ 28 ತ್ರಿಕೋನ, ಅಂದರೆ ಒಂದು ಮೂಲೆಗೆ 7 ಹಾಸು. ಮುಂಭಾಗ 85 ಸೆಂಟಿಮೀಟರ್ ಅಗಲ ಬರುತ್ತದೆ. ಜಾಗ ತಿನ್ನುತ್ತದೆ, ಆದರೆ ಕೆಲಸ ಅಂದರೆ ಅದು.

ಚೌಕಟ್ಟಿಗೆ 2 ಸೆಂಟಿಮೀಟರ್ ದಪ್ಪ, 12 ಅಗಲದ ಹಲಗೆ. 124ರ ಎರಡು, 60ರ ಎರಡು. ಮೂಲೆಗಳಲ್ಲಿ ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಿ, ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ಹಿಂದೆ ಪ್ಲೈವುಡ್ ಹೊಡೆಯಬೇಡಿ. ದಾರವನ್ನೋ ತಂತಿಯನ್ನೋ ಅಡ್ಡಡ್ಡ ಬಿಗಿದು, ಮೇಲೆ ತೆಳು ಬಟ್ಟೆ ಹಾಕಿ. ಎರಡೂ ಕಡೆಯಿಂದ ಗಾಳಿಯಾಡಬೇಕು.

ಬಟ್ಟೆಗೆ ಒಂದೇ ಪರೀಕ್ಷೆ. ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಶಬ್ದವೂ ಹೋಗುತ್ತದೆ. ರೆಕ್ಸಿನ್, ದಪ್ಪ ಸೋಫಾ ಬಟ್ಟೆ ಬೇಡ. ಎಳೆಯುವಾಗ ಮೊದಲು ಉದ್ದದ ಬದಿಯ ನಡುವಿನಲ್ಲಿ ಸ್ಟೇಪಲ್ ಹೊಡೆದು, ಎದುರು ಬದಿಯ ನಡುವಿಗೆ ಬಂದು, ಅಲ್ಲಿಂದ ಮೂಲೆಗಳ ಕಡೆ ಸಾಗಿ. ಒಂದು ತುದಿಯಿಂದ ಶುರು ಮಾಡಿದರೆ ಸುಕ್ಕು ಬಂದೇ ಬರುತ್ತದೆ.

ಉಣ್ಣೆ ಮೂರೂವರೆ ಕಿಲೋ, ಮರ ನಾಲ್ಕು ಕಿಲೋ. ಒಟ್ಟು ಎಂಟು ಕಿಲೋ ಹತ್ತಿರ ತೂಗುತ್ತದೆ. ಸೂರಿಗೆ ನೇತುಹಾಕುವುದಿದ್ದರೆ ಇದನ್ನು ಮರೆಯಬೇಡಿ, ಕೆಳಗೆ ನಿಮ್ಮ ತಲೆ ಇರುತ್ತದೆ.

ದನಿಪೆಟ್ಟಿಗೆ
ರಾಕ್‌ವೂಲ್ ಶ್ವಾಸಕೋಶಕ್ಕೆ ಅಪಾಯ ಅಂತಾರಲ್ಲ? ಮಕ್ಕಳಿರುವ ಮನೆ ನಮ್ಮದು.

ಸೈನ್‌ವೇವ್
ಕಲ್ನಾರಿನ ಜೊತೆ ಇದನ್ನು ಸೇರಿಸಿ ಹೆದರುವವರು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2001ರಲ್ಲಿ ಮರುಪರಿಶೀಲಿಸಿ, ಕಟ್ಟಡಗಳಲ್ಲಿ ಬಳಸುವ ಗಾಜಿನ ಉಣ್ಣೆ ಮತ್ತು ರಾಕ್‌ವೂಲನ್ನು ಮೂರನೇ ಗುಂಪಿಗೆ ಸೇರಿಸಿತು. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಂಗಡಿಸಲು ಸಾಕ್ಷ್ಯ ಸಾಲದು ಅನ್ನುವ ಗುಂಪು ಅದು. ಹಾಗಂತ ಬರಿಗೈಯಲ್ಲಿ ಮುಟ್ಟಬೇಡಿ. ಕತ್ತರಿಸುವಾಗ ಚರ್ಮ, ಕಣ್ಣು, ಗಂಟಲು ಎಲ್ಲ ಕೆರೆಯುತ್ತವೆ. ಎನ್95 ಮಾಸ್ಕ್, ಕನ್ನಡಕ, ಕೈಗವಸು, ತುಂಬುತೋಳಿನ ಅಂಗಿ. ಕತ್ತರಿಸುವ ಕೆಲಸ ಮನೆಯ ಹೊರಗೆ. ಒಮ್ಮೆ ಸುತ್ತಲೂ ಬಟ್ಟೆ ಬಿಗಿದ ಮೇಲೆ ಅದನ್ನು ಕೆದಕದಿದ್ದರೆ ಆಯಿತು. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಪಾಲಿಯೆಸ್ಟರ್ ಉಣ್ಣೆ ತನ್ನಿ. ಇನ್ನೊಂದಿಷ್ಟು ದಪ್ಪ ಬೇಕಾಗುತ್ತದೆ, ಅಷ್ಟೇ.

ಹೆದರಬೇಕಾದದ್ದು ಪ್ಯಾಕಿಂಗ್ ಫೋಮಿಗೆ. ಬೆಂಕಿ ತಡೆಯುವ ಗುಣವಿಲ್ಲದ ಪಾಲಿಯುರೆಥೇನ್ ಫೋಮ್ ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ವೈರು, ಆಂಪ್ಲಿಫೈಯರ್ ಇರುವ ಕೋಣೆಯಲ್ಲಿ ಅದನ್ನು ಗೋಡೆಗೆ ಮೆತ್ತುವುದು ಬೇಡವೇ ಬೇಡ. ರಾಕ್‌ವೂಲ್ ಉರಿಯುವುದಿಲ್ಲ.

ಸ್ಲೈಡರ್
ಇಷ್ಟೆಲ್ಲ ಬಡಗಿ ಕೆಲಸ ಯಾಕೆ? ರೂಮ್ ಕರೆಕ್ಷನ್ ಸಾಫ್ಟ್‌ವೇರ್ ಹಾಕಿ. ಒಂದು ಅಳತೆ ಮೈಕ್ ಇದ್ದರೆ ಸಾಕು, ಇಕ್ವಲೈಸರ್ ತಾನೇ ಸರಿ ಮಾಡುತ್ತದೆ. ನಾನು ಅದರಲ್ಲೇ ಮಿಕ್ಸ್ ಮಾಡುತ್ತೇನೆ, ಆರಾಮಾಗಿದ್ದೇನೆ.

ಮೂಲೆಮನೆ
ಸ್ಲೈಡರ್, ಉಬ್ಬನ್ನು ತಗ್ಗಿಸಲು ಅದು ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಇವರ ತೊಂದರೆ ಕುಳಿ. ಸ್ಪೀಕರಿನಿಂದ 60 ಹರ್ಟ್ಸ್ ಎಷ್ಟು ಜಾಸ್ತಿ ಕೊಟ್ಟರೂ ಗೋಡೆಯಿಂದ ವಾಪಸ್ ಬರುವುದೂ ಅಷ್ಟೇ ಜಾಸ್ತಿಯಾಗುತ್ತದೆ. ಕುಳಿಯಲ್ಲಿ ಒಂದನ್ನೊಂದು ತಿಂದುಹಾಕುವುದು ನಿಲ್ಲುವುದಿಲ್ಲ. 6 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕರಷ್ಟು ಪವರ್ ಕೊಡಬೇಕು. ಸ್ಪೀಕರ್ ಒದ್ದಾಡುತ್ತದೆ, ಕಿವಿಗೆ ಏನೂ ಬರುವುದಿಲ್ಲ. ಮತ್ತೆ, ಆ ತಿದ್ದುವಿಕೆ ಅಳೆದ ಜಾಗಕ್ಕೆ ಮಾತ್ರ. ಮೈಕ್ ಮುಂದೆ ಹಾಡುವವರಿಗೆ ಅದರಿಂದ ಏನು ಬಂತು?

ಸ್ಲೈಡರ್
ಹಾಡುವ ಮಾತು ಒಪ್ಪಿದೆ. ಮಿಕ್ಸಿಂಗಿಗೆ ಹೆಡ್‌ಫೋನ್ ಇದೆಯಲ್ಲ ಅಂತ ಮಾತ್ರ ಹೇಳಿ ಸುಮ್ಮನಾಗುತ್ತೇನೆ.

ಬಾಡಿಗೆಕೋಣೆ
ಅಣ್ಣಂದಿರಾ, ಮೊಳೆ ಹೊಡೆಯಲು ಬಿಡದ ಮನೆಯಲ್ಲಿ ಇರುವವರು ಏನು ಮಾಡಬೇಕು? ನಾನು ಬರೀ ದನಿ ರೆಕಾರ್ಡ್ ಮಾಡುವವಳು, ಕಥೆ ಓದುವುದು. ಮಿಕ್ಸಿಂಗ್ ಎಲ್ಲ ಇಲ್ಲ.

ಹಳೇಟೇಪು
ನಿಮಗೆ ಸುಲಭ ಇದೆ. ಒಂದು ಹಳೇ ಸಂಗತಿಯಿಂದ ಶುರು ಮಾಡುತ್ತೇನೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತು. ಅದನ್ನು ಸರಿಮಾಡಲು ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕನಿಗೆ ಹೇಳಿದರು. ಅವನು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಕೋಣೆಯಲ್ಲಿ ಹರಡಿದ. ಆರ್ಗನ್ ಪೈಪ್ ಊದಿ ನಿಲ್ಲಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಅಂತ ರಾತ್ರಿಯೆಲ್ಲ ಅಳೆದ. ಮೆತ್ತೆ ಜಾಸ್ತಿ ಮಾಡುತ್ತಾ ಹೋದ ಹಾಗೆ ಹೊತ್ತು ಕಡಿಮೆಯಾಗುತ್ತಾ ಬಂತು. ಇವತ್ತಿಗೂ ಬಳಸುವ ಪ್ರತಿಧ್ವನಿಯ ಸೂತ್ರ ಬಂದದ್ದು ಆ ಮೆತ್ತೆಗಳಿಂದ.

ಅಂದರೆ, ದಪ್ಪಗಿದ್ದು ಗಾಳಿಯಾಡುವ ಯಾವುದೂ ನಡೆಯುತ್ತದೆ. ಕಾರ್ಡಿಯಾಯ್ಡ್ ಮೈಕ್ ಹಿಂದಿನಿಂದ ಬರುವುದನ್ನು ಕಡಿಮೆ ಕೇಳುತ್ತದೆ, ಮುಂದಿನದನ್ನು ಜಾಸ್ತಿ. ಅದರ ಮುಂದೆ ಇರುವುದು ನೀವು, ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಗಾಗಿ ದಪ್ಪ ರಜಾಯಿಯನ್ನು ಮಡಚಿ ನಿಮ್ಮ ಬೆನ್ನ ಹಿಂದೆ ನೇತುಹಾಕಿ, ಮೈಕ್ ಹಿಂದೆ ಅಲ್ಲ. ಬಟ್ಟೆ ಒಣಹಾಕುವ ಸ್ಟ್ಯಾಂಡ್ ಸಾಕು, ಮೊಳೆ ಬೇಡ. ಗೋಡೆಗೆ ತಾಗಿಸದೆ ಒಂದು ಗೇಣು ಮುಂದಿರಲಿ. ಬದಿಗಳಿಗೂ ಒಂದೊಂದು ಇದ್ದರೆ ಇನ್ನೂ ಚೆನ್ನ. ಓದುವ ಹಾಳೆ ಇಡುವ ಸ್ಟ್ಯಾಂಡಿನ ಬಗ್ಗೆ ಹುಷಾರು. ಅದರಿಂದ ಪುಟಿದ ದನಿ ನೇರ ದನಿಗಿಂತ 34 ಸೆಂಟಿಮೀಟರ್ ಜಾಸ್ತಿ ದೂರ ಬಂದರೆ ಒಂದು ಮಿಲಿಸೆಕೆಂಡ್ ತಡ. ಆಗ 500, 1500, 2500 ಹರ್ಟ್ಸಿನಲ್ಲಿ ಸಾಲಾಗಿ ಕಚ್ಚು ಬೀಳುತ್ತದೆ. ಸ್ಟ್ಯಾಂಡಿನ ಮೇಲೆ ಟವೆಲ್ ಹಾಸಿ, ಓರೆ ಮಾಡಿ.

ಬಾಡಿಗೆಕೋಣೆ
ಬೆನ್ನ ಹಿಂದೆ! ನಾನು ಮೈಕ್ ಹಿಂದೆ ದಿಂಬು ಜೋಡಿಸುತ್ತಿದ್ದೆ. ಬೀರುವಿನೊಳಗೆ ಕೂತು ಓದಿದರೆ ಹೇಗೆ?

ಹಳೇಟೇಪು
ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ಅದಕ್ಕೆ ಬೆನ್ನು ಕೊಟ್ಟು ಕೂರಿ. ಒಳಗೆ ಹೋಗಬೇಡಿ. ಅಷ್ಟು ಇಕ್ಕಟ್ಟಿನ ಜಾಗದ ಮೋಡ್‌ಗಳು ಇನ್ನೂ ಮೇಲಕ್ಕೆ, ನೇರ ನಿಮ್ಮ ದನಿಯ ನಡುವಿಗೇ ಬಂದು ಕೂರುತ್ತವೆ.

ಆರನೇತಂತಿ
ಗೋಡೆಗಳ ಮೇಲೆ ಪ್ಯಾನೆಲ್ ಎಲ್ಲೆಲ್ಲಿ? ಮತ್ತೆ ಮರದ ಕಟ್ಟಿಗೆಗಳನ್ನು ಏರಿಳಿತವಾಗಿ ಜೋಡಿಸಿದ, ಶಬ್ದ ಚೆದುರಿಸುವ ಡಿಫ್ಯೂಸರ್ ನೋಡಿದೆ. ಅಂದವಾಗಿದೆ, ಹಿಂದಿನ ಗೋಡೆಗೆ ಮಾಡುವ ಆಸೆ.

ಮೂಲೆಮನೆ
ಕನ್ನಡಿ ತಗೊಳ್ಳಿ. ನೀವು ಕುರ್ಚಿಯಲ್ಲಿ ಕೂರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಕಿವಿಯ ಎತ್ತರದಲ್ಲಿ ಸರಿಸುತ್ತಾ ಬರಲಿ. ಸ್ಪೀಕರ್ ಎಲ್ಲಿ ಕಾಣುತ್ತದೋ ಅದೇ ಜಾಗ. ಆ ಕಡೆ ಈ ಕಡೆ ಒಂದೊಂದು, ತಲೆಯ ಮೇಲೆ ಸೂರಿಗೆ ಒಂದು. ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಬಿಟ್ಟು ಹಾಕಿ. ಈ ಮೂರಕ್ಕೇ ಚಪ್ಪಾಳೆಯ ಬಾಲ ಹೋಗುತ್ತದೆ, ನೋಡಿ.

ಸ್ಪೀಕರ್ ಹಿಂದಿನ ಗೋಡೆಯನ್ನೂ ನೋಡಿಕೊಳ್ಳಿ. ಸ್ಪೀಕರಿನ ಮುಖ ಗೋಡೆಯಿಂದ 60 ಸೆಂಟಿಮೀಟರ್ ಇದ್ದರೆ, ಗೋಡೆಯಿಂದ ಪುಟಿದ ಅಲೆ ನೇರ ಅಲೆಯನ್ನು ತಿಂದು 143 ಹರ್ಟ್ಸ್ ಹತ್ತಿರ ಕುಳಿ ಬೀಳುತ್ತದೆ. ಅದನ್ನು ಹೀರುವುದು ಕಷ್ಟ. ಸಣ್ಣ ಕೋಣೆಯಲ್ಲಿ ಗೋಡೆಯ ಹತ್ತಿರಕ್ಕೆ ತಳ್ಳುವುದೇ ಜಾಣತನ. 20 ಸೆಂಟಿಮೀಟರಿಗೆ ತಂದರೆ ಕುಳಿ 430ರ ಸುತ್ತ ಹೋಗುತ್ತದೆ, ಅದನ್ನು ಸಾಧಾರಣ ಪ್ಯಾನೆಲ್ ನುಂಗುತ್ತದೆ. ಬೇಸ್ ಸ್ವಲ್ಪ ಏರುತ್ತದೆ, ಸ್ಪೀಕರ್ ಹಿಂದಿನ ಸ್ವಿಚ್ಚಿನಲ್ಲಿ ಇಳಿಸಿ.

ಕುರ್ಚಿಯನ್ನು ಮುಂದಿನ ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿಟ್ಟು ಶುರು ಮಾಡಿ. ನಿಮಗೆ 1.37 ಮೀಟರ್. ಅದೇನು ವೇದವಾಕ್ಯವಲ್ಲ, ಅಲ್ಲಿಂದ ಹಿಂದೆ ಮುಂದೆ ಸರಿಸಿ ಕೇಳಿ.

ಡಿಫ್ಯೂಸರ್ ಈಗ ಬೇಡ. ಮ್ಯಾನ್‌ಫ್ರೆಡ್ ಶ್ರೋಡರ್ 1975ರಲ್ಲಿ ಅದರ ಲೆಕ್ಕ ಕೊಟ್ಟಿದ್ದು ಸಂಗೀತ ಕಛೇರಿಯ ಸಭಾಂಗಣಗಳನ್ನು ತಲೆಯಲ್ಲಿಟ್ಟುಕೊಂಡು. ಚೆದುರಿದ ಶಬ್ದ ಬೆರೆಯಲು ದೂರ ಬೇಕು. ನಿಮ್ಮ ತಲೆಯಿಂದ ಹಿಂದಿನ ಗೋಡೆಗೆ ಎರಡು ಮೀಟರ್ ಚಿಲ್ಲರೆ. ಆ ಗೋಡೆಗೆ ಕೈಲಾದಷ್ಟು ದಪ್ಪ ಉಣ್ಣೆಯೇ ಒಳ್ಳೆಯದು. ಅಂದ ಬೇಕಾದರೆ ಬಟ್ಟೆಯ ಬಣ್ಣದಲ್ಲಿ ತೋರಿಸಿ.

ಆರನೇತಂತಿ
ಎಲ್ಲರಿಗೂ ಥ್ಯಾಂಕ್ಸ್, ವರದಿ ಒಪ್ಪಿಸುತ್ತಿದ್ದೇನೆ. ಮುಂದಿನ ಎರಡು ಮೂಲೆಗೆ ತ್ರಿಕೋನ ತುಂಬಿದೆ. ಹಿಂದಿನ ಒಂದು ಮೂಲೆಗೆ ಅಡ್ಡ ಪ್ಯಾನೆಲ್. ಕನ್ನಡಿ ತೋರಿಸಿದ ಜಾಗಗಳಿಗೂ ಆಯಿತು. ಕೋಣೆಯ ಸದ್ದು ಅಳೆಯುವ ಆರ್‌ಇಡಬ್ಲ್ಯೂ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಮೊದಲೂ ಆಮೇಲೂ ಅಳೆದೆ.

'ಟ್ರಿಣ್' ಪೂರ್ತಿ ಹೋಗಿದೆ. ಬಿ ಸ್ವರ ಕುರ್ಚಿಯಲ್ಲಿ ಈಗ ಕೇಳುತ್ತದೆ. ಪಕ್ಕದ ಸ್ವರಗಳಷ್ಟು ಜೋರಿಲ್ಲ, ಆದರೆ ಇದೆ. 114ರ ಉಬ್ಬು ಗ್ರಾಫಿನಲ್ಲಿ ಇನ್ನೂ ಕಾಣುತ್ತದೆ. ಎತ್ತರ ಇಳಿದದ್ದು ಕಡಿಮೆ, ಆದರೆ ಬೇಗ ಅಡಗುತ್ತದೆ. ಮೊದಲು ವಾಟರ್‌ಫಾಲ್ ಚಿತ್ರದಲ್ಲಿ (ಯಾವ ಸ್ವರ ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ತೋರಿಸುವ ಚಿತ್ರ) ಅದು ಕೊನೆತನಕ ಚಾಚಿಕೊಂಡಿತ್ತು. ಹಾಡುವಾಗ ನಡುವಿನಿಂದ ಅರ್ಧ ಮೀಟರ್ ಪಕ್ಕಕ್ಕೆ ನಿಂತೆ, ಗುಂಯ್ ಅಲ್ಲೇ ಅರ್ಧ ಇಳಿಯಿತು. ಇದಕ್ಕೆ ಖರ್ಚೇ ಇಲ್ಲ!

ಉಳಿದದ್ದು ಬಾಗಿಲಿರುವ ಮೂಲೆ. ಅಲ್ಲಿ ಏನೂ ನಿಲ್ಲಿಸಲು ಆಗುವುದಿಲ್ಲ.

ಸೈನ್‌ವೇವ್
ಅಗಲದ ಎರಡನೇ ಮೋಡ್ ಗೋಡೆಯಿಂದ 75 ಸೆಂಟಿಮೀಟರಿನಲ್ಲಿ ಸೊನ್ನೆಯಾಗುತ್ತದೆ. ನೀವು ಅದರ ಕಡೆಗೇ ಸರಿದಿದ್ದೀರಿ. ಪಕ್ಕದ ಗೋಡೆಯಲ್ಲಿ ಪ್ಯಾನೆಲ್ ಇರುವ ಕಡೆ ಸರಿಯಿರಿ, ಬರೀ ಗೋಡೆಯ ಕಡೆ ಬೇಡ.

ಮೂಲೆಮನೆ
ಬಾಗಿಲ ಮೂಲೆ ಬಿಡಿ. ಕೋಣೆಗೆ ಮೂಲೆ ನಾಲ್ಕೇ ಅಂತ ಯಾರು ಹೇಳಿದ್ದು? ಗೋಡೆ ಸೂರಿಗೆ ಸೇರುವ ನಾಲ್ಕು ಅಂಚು, ನೆಲಕ್ಕೆ ಸೇರುವ ನಾಲ್ಕು, ಒಟ್ಟು ಹನ್ನೆರಡು. ಹಿಂದಿನ ಗೋಡೆಯ ಮೇಲಂಚಿಗೆ, ಬಾಗಿಲ ಚೌಕಟ್ಟಿಗಿಂತ ಮೇಲೆ, ಅಡ್ಡ ಪ್ಯಾನೆಲ್ ಹಾಕಿ. ನಿಮ್ಮ 61 ಹರ್ಟ್ಸ್ ನೆಲ-ಸೂರಿನ ನಡುವಿನದು, ಅದಕ್ಕೆ ಆ ಅಂಚು ಹೇಳಿ ಮಾಡಿಸಿದ ಜಾಗ.

ಮರಪುಡಿ
ಮೂರು ಮೀಟರಿಗೆ 124ರ ಎರಡು ಪ್ಯಾನೆಲ್ ಕೂರುತ್ತವೆ, ಅರ್ಧ ಮೀಟರ್ ಉಳಿಯುತ್ತದೆ. ಕೆಳಂಚಿಗೆ ಎಲ್ ಆಕಾರದ ಕಬ್ಬಿಣದ ಪಟ್ಟಿ, ಮೇಲಂಚಿಗೆ ಸೂರಿನಿಂದ ಎರಡು ಸರಪಳಿ. ಬರೀ ಸ್ಕ್ರೂ ಕೊಕ್ಕೆ ನಂಬಬೇಡಿ. ಬಾಗಿಲು ಪೂರ್ತಿ ತೆಗೆದಾಗ ತಾಗುತ್ತದಾ ಅಂತ ಮೊದಲು ರಟ್ಟು ಹಿಡಿದು ನೋಡಿ, ಆಮೇಲೆ ಕೊರೆಯಿರಿ.

ಆರನೇತಂತಿ
ರಟ್ಟು ಹಿಡಿದು ನೋಡಿದೆ, ತಾಗುವುದಿಲ್ಲ. ಹಲಗೆ ಕೊಯ್ಯಲು ಕೊಟ್ಟಿದ್ದೇನೆ.